ರಿಕಾಟಿ ಲೆಕ್ಕ ಕೈಕೊಡದಿರಲು ಆರು ಸೂತ್ರ

ತಪ್ಪಿಗೆ ಕ್ಯೂ ಎಂಬ ದಂಡ, ಇನ್‌ಪುಟ್ ಖರ್ಚಿಗೆ ಆರ್ ಎಂಬ ದಂಡ, ಎರಡರ ಮೊತ್ತ ಕನಿಷ್ಠವಾಗಬೇಕು. 1960ರಲ್ಲಿ ರುಡಾಲ್ಫ್ ಕಾಲ್ಮನ್ ಹಾಕಿಕೊಟ್ಟ ಈ ಎಲ್‌ಕ್ಯೂಆರ್ (ಲೀನಿಯರ್ ಕ್ವಾಡ್ರಾಟಿಕ್ ರೆಗ್ಯುಲೇಟರ್) ಲೆಕ್ಕ ಈಗ ಒಂದೇ ಸಾಲಿನ ಕೋಡು. ಆ ಸಾಲು ತಪ್ಪುವುದು ಅಪರೂಪ. ಎಡವುವುದೆಲ್ಲ ಅದರ ಹಿಂದೆ ಮುಂದೆ.

1. ಮೊದಲು ಕೈಲೆಕ್ಕ. ಈಗಿನ ಸ್ಟೇಟಿಗೆ ಇನ್‌ಪುಟ್ ಕೂಡಿಸಿದರೆ ಮುಂದಿನ ಸ್ಟೇಟ್, ಅಷ್ಟೇ ಸಿಸ್ಟಂ. ಸ್ಟೇಟಿನ ಗುಣಕ ಎ, ಇನ್‌ಪುಟ್ಟಿನ ಗುಣಕ ಬಿ, ದಂಡಗಳಾದ ಕ್ಯೂ, ಆರ್ ಎಲ್ಲವೂ 1. ಆಗ, ಕನಿಷ್ಠ ಖರ್ಚನ್ನು ಅಳೆಯುವ ಪಿಯನ್ನು ಕೊಡುವ ರಿಕಾಟಿ ಸಮೀಕರಣ ಇಷ್ಟಕ್ಕೆ ಇಳಿಯುತ್ತದೆ: ಹೊಸ ಪಿ = 1 + ಪಿ/(1+ಪಿ). ಸೊನ್ನೆಯಿಂದ ಹೊರಡಿ: 1, 1.5, 1.6, 1.615... ನೆಲೆ ನಿಲ್ಲುವುದು 1.618ರಲ್ಲಿ. ಹೌದು, ಸುವರ್ಣ ಅನುಪಾತವೇ! ದಾರಿಯಲ್ಲಿ ಸಿಕ್ಕ 3/2, 8/5, 21/13ರ ಅಂಕಿಗಳು ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರರು ಲಘು-ಗುರು ಎಣಿಸುತ್ತ ಕಂಡ ಸಂಖ್ಯೆಗಳು. ಸ್ಟೇಟನ್ನು ಇನ್‌ಪುಟ್ಟಾಗಿಸುವ ಗುಣಕವಾದ ಗೇನ್ ಪಿ/(1+ಪಿ), ಅಂದರೆ 0.618. ಪ್ರತಿ ಹೆಜ್ಜೆಗೂ ತಪ್ಪಿನಲ್ಲಿ 0.382 ಪಾಲು ಮಾತ್ರ ಉಳಿಯುತ್ತದೆ. ನಿಮ್ಮ ಪ್ರೋಗ್ರಾಂ ಇದೇ ಉತ್ತರ ಕೊಡುವವರೆಗೆ ದೊಡ್ಡ ಮ್ಯಾಟ್ರಿಕ್ಸ್ ಮುಟ್ಟಬೇಡಿ.

2. ಕ್ಯೂ, ಆರ್ ತೂಕಕ್ಕೆ ಬ್ರೈಸನ್ ಸೂತ್ರ: ಸಹಿಸಬಹುದಾದ ಗರಿಷ್ಠದ ವರ್ಗದಿಂದ 1ನ್ನು ಭಾಗಿಸಿ. ಟ್ಯಾಂಕಿನ ಮಟ್ಟ 5 ಸೆಂ.ಮೀ. ಆಚೀಚೆ ಆದರೆ ಸಹಿಸಬಹುದೇ? ಕ್ಯೂ 1/25. ಪಂಪಿನ ಮೋಟರಿಗೆ 2 ವೋಲ್ಟ್ ಏರಿಳಿತ ಸಾಕೇ? ಆರ್ 1/4. ಎರಡನ್ನೂ ಹತ್ತುಪಟ್ಟು ಹಿಗ್ಗಿಸಿದರೆ ಗೇನ್ ಕದಲುವುದಿಲ್ಲ, ಅನುಪಾತ ಬದಲಿಸಿ ನೋಡಿ.

3. ಸೊನ್ನೆ ತೂಕ ನಂಬಬೇಡಿ. ಎ 2, ಬಿ 1, ಆರ್ 1, ಕ್ಯೂ 0 ಕೊಟ್ಟು ಸೊನ್ನೆಯಿಂದ ಶುರುಮಾಡಿದರೆ ಪಿ ಅಲ್ಲೇ ಕೂರುತ್ತದೆ, ಗೇನೂ ಸೊನ್ನೆ. ಖರ್ಚೇ ಇಲ್ಲ, ಲೆಕ್ಕ ನಿರ್ದೋಷ. ಸ್ಟೇಟ್ ಮಾತ್ರ ಹೆಜ್ಜೆಗೊಮ್ಮೆ ಇಮ್ಮಡಿಯಾಗುತ್ತ ಕೈಮೀರುತ್ತದೆ. ಕ್ಯೂಗೆ 0.001 ಕೊಡಿ, ಗೇನ್ 1.5ರ ಹತ್ತಿರಕ್ಕೆ ಬರುತ್ತದೆ. ಬೆಳೆಯುವ ಸ್ಟೇಟು ದಂಡದ ಕಣ್ಣಿಗೆ ಬೀಳಲೇಬೇಕು.

4. ಇನ್ವರ್ಸ್ ತೆಗೆಯಬೇಡಿ, ಸಮೀಕರಣ ಬಿಡಿಸಿ. ಪಿಯನ್ನು ಆಗಾಗ ಅದರ ಟ್ರಾನ್ಸ್‌ಪೋಸಿನೊಡನೆ ಕೂಡಿ ಅರ್ಧಮಾಡಿ, ಸಿಮ್ಮೆಟ್ರಿ ಕೆಡದು.

5. ಮೈನಸ್ ಎಲ್ಲಿದೆ? ಇನ್‌ಪುಟ್ ಎಂದರೆ ಮೈನಸ್ ಗೇನ್ ಗುಣಿಸು ಸ್ಟೇಟ್. ನಾನೊಮ್ಮೆ ಅದನ್ನು ಮರೆತೆ. ತಲೆಕೆಳಗಾದ ಲೋಲಕದ ಗಾಡಿ ಸೀದಾ ಹಳಿಯ ತುದಿಗೆ ಬಡಿಯಿತು. ನಾನು ಮಾತ್ರ ಮಧ್ಯಾಹ್ನವಿಡೀ ಕ್ಯೂ ತಿದ್ದುತ್ತ ಕೂತಿದ್ದೆ.

6. ಆಪ್ಟಿಮಲ್ ಎಂದರೆ ಗಟ್ಟಿ ಎಂದಲ್ಲ. ನಿರಂತರ ಕಾಲದ ಎಲ್‌ಕ್ಯೂಆರ್‌ನಲ್ಲಿ ಗೇನನ್ನು ಎಷ್ಟು ಏರಿಸಿದರೂ, ಕಾಗದದ ಮೇಲಾದರೂ, ಸಿಸ್ಟಂ ಸ್ಥಿರ. ಸ್ಯಾಂಪಲ್ ಮಾಡಿದ ಕ್ಷಣ ಆ ಅಭಯ ಹೋಯಿತು. ಮೊದಲ ಸೂತ್ರದ ಪುಟ್ಟ ಸಿಸ್ಟಮ್ಮಿಗೇ ಮರಳಿ. ಆಕ್ಚುಯೇಟರ್ ನೀವು ಹೇಳಿದ್ದರ 3 ಪಟ್ಟು ಒತ್ತಿದರೂ ತಪ್ಪು ಅತ್ತಿತ್ತ ಹೊಯ್ದಾಡಿ ಇಳಿಯುತ್ತದೆ. 3.236 ಪಟ್ಟು ದಾಟಿತೋ, ಪ್ರತಿ ಹೆಜ್ಜೆಗೂ ಹಿಗ್ಗುತ್ತದೆ.