ಮೊದಲು ಉಸಿರು ಎಣಿಸು

ಮಗಳೇ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ವಾರ್ಡಿಗೆ ಸೇರುತ್ತಿದ್ದೀಯ. ಪೀಣ್ಯದ ಕಾರ್ಖಾನೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್, ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ದುಡಿಯುವ ಜನ ನಿನ್ನ ಕೈಗೆ ಬರುತ್ತಾರೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ರೋಗಿಯ ಮೈಯಲ್ಲಿ ಏನೇ ಬದಲಾದರೂ ಮೊದಲು ಕಾಣಬೇಕಾದವಳು ನೀನೇ.

• ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸು. ದೊಡ್ಡವರಿಗೆ 12ರಿಂದ 20 ಸರಿ. ಚಾರ್ಟಿನಲ್ಲಿ ಎಲ್ಲರ ಹೆಸರಿನ ಮುಂದೆಯೂ 20 ಅಂತ ಗೀಚುವ ಅಭ್ಯಾಸ ಬಹಳ ವಾರ್ಡುಗಳಲ್ಲಿದೆ, ನೀನು ಅದನ್ನು ಕಲಿಯಬೇಡ. ಎಣಿಸುತ್ತಿದ್ದೀಯೆಂದು ತಿಳಿದರೆ ಉಸಿರಾಟವೇ ಬದಲಾಗುತ್ತದೆ. ಹಾಗಾಗಿ ನಾಡಿ ಹಿಡಿದಂತೆಯೇ ಕೈ ಹಿಡಿದುಕೊಂಡು ಎದೆಯ ಕಡೆ ನೋಡು. ನಂಜು ಏರುವಾಗ, ಶ್ವಾಸಕೋಶ ಸೋಲುವಾಗ, ಬಿ.ಪಿ. ಇಳಿಯುವ ಎಷ್ಟೋ ಮೊದಲೇ ಉಸಿರು ಏರುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 25 ಮುಟ್ಟಿದರೆ ಪೂರಾ 3 ಅಂಕ. ನೋವಿಗೆ ಮಾರ್ಫಿನ್ ಕೊಟ್ಟವರಲ್ಲಿ 8ಕ್ಕೆ ಇಳಿದರೂ ಅಷ್ಟೇ ಗಂಡಾಂತರ.

• ಆಕ್ಸಿಮೀಟರ್ ಹಾಕುವ ಬೆರಳಿನ ನೇಲ್ ಪಾಲಿಶ್ ಒರೆಸು. ನಮ್ಮ ಮೈಬಣ್ಣದಲ್ಲಿ ನೀಲಿ ತಿರುಗಿದ್ದು ಬೇಗ ಕಾಣುವುದಿಲ್ಲ. ನಾಲಿಗೆ, ತುಟಿಯ ಒಳಭಾಗ ನೋಡು. ರಕ್ತ ಕಡಿಮೆಯಿದೆಯೇ ಅಂತ ತಿಳಿಯಲು ಕೆಳರೆಪ್ಪೆ, ಅಂಗೈ.

• ಏನು ಕೆಲಸ ಮಾಡುತ್ತಾರೆ ಅಂತ ಕೇಳು. ಶೌಚಾಲಯಕ್ಕೆ ಹೋಗಲು ಪುರಸೊತ್ತಿಲ್ಲದೆ ನೀರನ್ನೇ ಕುಡಿಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಉರಿಮೂತ್ರಕ್ಕೆ ಕಾರಣ ಅಲ್ಲೇ ಸಿಗುತ್ತದೆ. ಮಾತ್ರೆಯ ಹೆಸರು ನೆನಪಿಲ್ಲ ಅಂದರೆ ಮನೆಯಿಂದ ಚೀಲ ತರಿಸು. ನಾಟಿ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ, ಒಪ್ಪತ್ತು ಅಥವಾ ರೋಜಾ ಎಲ್ಲವನ್ನೂ ಕೇಳು. ಉಪವಾಸವಿದ್ದು ಸಕ್ಕರೆ ಮಾತ್ರೆ ನುಂಗಿದವರಿಗೆ ಬೆವರು, ನಡುಕ ಕಂಡರೆ ಆ ಕ್ಷಣವೇ ಗ್ಲುಕೋಮೀಟರ್ ಹಿಡಿ. 70ಕ್ಕಿಂತ ಕೆಳಗಿದ್ದರೆ ಕಾಯಬಾರದು.

• 'ಗ್ಯಾಸ್ಟ್ರಿಕ್ ಅಷ್ಟೇ ಸಿಸ್ಟರ್' ಅಂತ ಎದೆ ಉಜ್ಜಿಕೊಳ್ಳುವವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಲಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ವಾಂತಿಯಾಗಿಯೂ ಹೃದಯಾಘಾತ ಬರಬಹುದು.

• ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂದರೆ ಮಾಗಡಿ ಕಡೆಯ ಅಜ್ಜಿ ಮಿಕಮಿಕ ನೋಡುತ್ತಾರೆ. 'ರೂಪಾಯಿಗೆ ಎಷ್ಟಾಣೆ ಕಡಿಮೆಯಾಯಿತು ಅಜ್ಜಿ?' ಅಂತ ಕೇಳು, ಥಟ್ಟನೆ ಹೇಳುತ್ತಾರೆ.

• ಆಪರೇಷನ್ ಆಗಿ ಬಂದವರ ಬಿ.ಪಿ. ಸರಿಯಿದೆ ಅಂತ ನೆಚ್ಚಿಕೊಳ್ಳಬೇಡ. ಒಳಗೆ ರಕ್ತ ಸೋರುತ್ತಿದ್ದರೆ ಮೊದಲು ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗುತ್ತದೆ, ರೋಗಿ ಚಡಪಡಿಸುತ್ತಾರೆ, ಮೂತ್ರ ಇಳಿಯುತ್ತದೆ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ. ಆದರೂ ಬರಬೇಕು. ಬಿ.ಪಿ.ಗೆ ಅಟೆನೊಲಾಲ್‌ನಂಥ ಮಾತ್ರೆ ತಿನ್ನುವವರ ನಾಡಿ ಓಡದೆಯೂ ಇರಬಹುದು, ಅವರ ವಿಷಯದಲ್ಲಿ ದುಪ್ಪಟ್ಟು ಎಚ್ಚರ ಬೇಕು. ಡ್ರೆಸಿಂಗ್ ಮೇಲೆ ಒಣಗಿದ್ದರೂ ಬೆನ್ನಿನಡಿ ಕೈ ಹಾಕಿ ನೋಡು, ರಕ್ತ ಕೆಳಗೆ ಇಳಿದಿರುತ್ತದೆ. ಡ್ರೇನ್ ಥಟ್ಟನೆ ನಿಂತರೆ ವಾಸಿಯಾಯಿತು ಅಂದುಕೊಳ್ಳಬೇಡ, ಕೊಳವೆ ಕಟ್ಟಿಕೊಂಡಿರಬಹುದು.

• ಹೊದಿಕೆ ಸರಿಸು, ಅದಕ್ಕೂ ಮೊದಲು ಪರದೆ ಎಳೆ. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಕಾಲ್ಬೆರಳ ಸಂದು ನೋಡು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಉಜ್ಜಬೇಡ, ಡಾಕ್ಟರಿಗೆ ತಿಳಿಸು. ಪಾದ ಊದುತ್ತಿದ್ದರೆ ಕಾಲುಂಗುರ ಬಿಗಿಯುವ ಮೊದಲೇ ಮನೆಯವರಿಗೆ ವಿಷಯ ತಿಳಿಸಿ ತೆಗೆಸು.

• ವಯಸ್ಸಾದವರು ಇದ್ದಕ್ಕಿದ್ದಂತೆ ತಡಬಡ ಮಾತಾಡಿದರೆ ಅರಳು ಮರಳು ಅನ್ನಬೇಡ. 'ನಿನ್ನೆಯೂ ಹೀಗೇ ಇದ್ದರಾ?' ಅಂತ ಮಗನನ್ನೋ ಸೊಸೆಯನ್ನೋ ಕೇಳು. ಜ್ವರವೇ ಇಲ್ಲದೆ ನ್ಯುಮೋನಿಯಾ, ಮೂತ್ರದ ಸೋಂಕು ಹೀಗೆ ಬರುತ್ತವೆ.

• ಡಾಕ್ಟರಿಗೆ ಫೋನ್ ಮಾಡುವಾಗ 'ಪೇಷಂಟ್ ಯಾಕೋ ಡಲ್ ಆಗಿದ್ದಾರೆ' ಅಂದರೆ ಸಾಲದು. 'ಎರಡು ಗಂಟೆಗೆ ಉಸಿರು 18 ಇತ್ತು, ಈಗ 28, ಮೂತ್ರ ನಿಂತಿದೆ, ನೀವು ಬಂದು ನೋಡಬೇಕು' ಅನ್ನು. ಅಂಕಿಯೆಲ್ಲ ಸರಿಯಿದ್ದೂ ನಿನ್ನ ಮನಸ್ಸು ಒಪ್ಪದಿದ್ದರೆ ಆಗಲೂ ಫೋನ್ ಮಾಡು. ರಾತ್ರಿ ಮೂರು ಗಂಟೆಯಾದರೂ ಸರಿ, ಬೈಸಿಕೊಂಡರೂ ಸರಿ.