ಹಳೆಯ ಜೀಪು: ಕೊಳ್ಳುವ ಮುನ್ನ, ಕೊಂಡ ಮೇಲೆ



ಮಳೆಗಾಲ ಮುಗಿದು ಕೊಯ್ಲು ಹತ್ತಿರವಾಗುತ್ತಿದ್ದಂತೆ ನಮ್ಮ ಸಂಘದ ಕಛೇರಿಗೆ ಬರುವ ಬೆಳೆಗಾರರಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ಏಳುತ್ತದೆ. ಇರುವ ಹಳೆಯ ಜೀಪನ್ನು ದುರಸ್ತಿ ಮಾಡಿಸಿ ಇಟ್ಟುಕೊಳ್ಳುವುದೇ, ಬೇರೊಂದು ಹಳೆಯದನ್ನು ಕೊಳ್ಳುವುದೇ, ಅಥವಾ ಬಾಡಿಗೆಗೆ ಹಿಡಿಯುವುದೇ ಎಂಬುದು ಆ ಪ್ರಶ್ನೆ. ಈಚೆಗೆ ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿದೆ. ನಮ್ಮ ಅನೇಕ ಸದಸ್ಯರ ಮಕ್ಕಳು ಬೆಂಗಳೂರಿನ ಉತ್ತರ ಭಾಗದಲ್ಲಿ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಕಡೆ ನೆಲೆಸಿದ್ದಾರೆ. ಅಲ್ಲಿ ಮಾರಾಟಕ್ಕಿರುವ ಜೀಪುಗಳ ಚಿತ್ರವನ್ನು ಊರಿಗೆ ಕಳುಹಿಸಿ, "ಅಪ್ಪಾ, ಇದು ಹೇಗಿದೆ ನೋಡಿ" ಎನ್ನುತ್ತಾರೆ. ಚಿತ್ರದಲ್ಲಿ ಬಣ್ಣ ಕಾಣುತ್ತದೆ, ಖರ್ಚು ಕಾಣುವುದಿಲ್ಲ. ಆದ್ದರಿಂದ ಆ ಖರ್ಚಿನ ಲೆಕ್ಕವನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಯಾವ ಯಾವ ಜೀಪುಗಳು?

ಎರಡನೆಯ ಮಹಾಯುದ್ಧದ ನಂತರ ಸೈನ್ಯದ ವಿಲ್ಲಿಸ್ ಜೀಪುಗಳು ಹರಾಜಿನ ಮೂಲಕ ಜನರ ಕೈಗೆ ಬಂದವು. 1945ರಲ್ಲಿ ಆರಂಭವಾದ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲೇ ಜೋಡಿಸತೊಡಗಿ, ಮುಂದೆ ಸಿಜೆ-3ಬಿ ಮಾದರಿಯನ್ನು ಇಲ್ಲೇ ತಯಾರಿಸಿತು. ಅದರದು 2.2 ಲೀಟರಿನ ಪೆಟ್ರೋಲ್ ಎಂಜಿನ್. 1980ರ ದಶಕದಲ್ಲಿ ಬಂದ ಎಂಎಂ-540 ಜೀಪಿಗೆ ಪ್ಯೂಜೋ ಕಂಪನಿಯ ವಿನ್ಯಾಸದ 2,112 ಸಿ.ಸಿ. ಡೀಸೆಲ್ ಎಂಜಿನ್ ಇತ್ತು. ನಮ್ಮ ತೋಟಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಜೀಪುಗಳಲ್ಲಿ ಈ ವಂಶದವೇ ಹೆಚ್ಚು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಮೊದಲು 970 ಸಿ.ಸಿ. ಪೆಟ್ರೋಲ್ ಎಂಜಿನ್ ಇದ್ದು, 1996ರಲ್ಲಿ 1.3 ಲೀಟರಿನದು ಬಂದಿತು. ಅದು ಹಗುರ ವಾಹನ, ಹಳ್ಳದಲ್ಲಿ ಸಲೀಸು. ಆದರೆ ಭಾರ ಹೊರಲು ಜೀಪಿಗೆ ಸಮವಲ್ಲ. ಸೈನ್ಯದ ಹರಾಜಿನಲ್ಲಿ ಸಿಗುವ ಜೋಂಗಾದ್ದು ಸುಮಾರು 4 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಬಲಕ್ಕೆ ಕೊರತೆಯಿಲ್ಲ, ಪೆಟ್ರೋಲ್ ಕುಡಿಯುವುದರಲ್ಲೂ ಕೊರತೆಯಿಲ್ಲ. ಸಣ್ಣ ಬೆಳೆಗಾರನಿಗೆ ಅದು ಹೇಳಿದ್ದಲ್ಲ.

ಪೆಟ್ರೋಲ್ ಗಾಡಿ ಇಟ್ಟವರು ಒಂದು ಮಾತು ಗಮನಿಸಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುವ ವಸ್ತು. ಹಳೆಯ ಕಾರ್ಬುರೇಟರಿನ ರಬ್ಬರ್ ಭಾಗಗಳೂ ಪೈಪುಗಳೂ ಅದಕ್ಕಾಗಿ ತಯಾರಾದವಲ್ಲ. ಪೈಪುಗಳನ್ನು ಬದಲಾಯಿಸುವುದು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟು ಗಾಡಿ ನಿಲ್ಲಿಸದಿರುವುದು ಕ್ಷೇಮ.

ಪೇಟೆಯ ಜೀಪು, ಮಲೆನಾಡಿನ ಜೀಪು

ಬೆಂಗಳೂರಿನಲ್ಲಿ ಕೊಳ್ಳುವುದರಲ್ಲಿ ಒಂದು ಲಾಭವಿದೆ. ಅಲ್ಲಿ ಮಳೆ ಕಡಿಮೆ, ಆದ್ದರಿಂದ ಚಾಸಿಗೆ ತುಕ್ಕು ಕಡಿಮೆ. ನಮ್ಮ ಕಡೆಯ ಜೀಪಿನಲ್ಲಿ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಚಾಸಿಯ ಅಡ್ಡಪಟ್ಟಿಗಳ ಒಳಗೆ ಕೆಸರು ಕೂತು ಕೊರೆದಿರುತ್ತದೆ. ಎಂಜಿನ್ನನ್ನು ಮತ್ತೆ ಕಟ್ಟಬಹುದು. ಕೊಳೆತ ಚಾಸಿಯನ್ನು ಬೆಸುಗೆ ಹಾಕಿ ಎಷ್ಟು ದಿನ ಓಡಿಸಬಹುದು?

ಆದರೆ ನಷ್ಟಗಳೂ ಇವೆ. ಪೇಟೆಯಲ್ಲಿ ಷೋಕಿಗಾಗಿ ಇಟ್ಟ ಜೀಪಿಗೆ ದಪ್ಪ ಟೈರು, ಅಗಲದ ಚಕ್ರ ಹಾಕಿರುತ್ತಾರೆ. ಇದರಿಂದ ಬೇರಿಂಗಿಗೂ ಸ್ಟೀರಿಂಗಿಗೂ ಭಾರ ಹೆಚ್ಚುತ್ತದೆ. ನಾಲ್ಕು ಚಕ್ರದ ಗೇರನ್ನು ವರ್ಷಗಟ್ಟಲೆ ಮುಟ್ಟಿಯೇ ಇರುವುದಿಲ್ಲ. ಕೆಲವದರಲ್ಲಿ ಮುಂದಿನ ಶಾಫ್ಟನ್ನೇ ಬಿಚ್ಚಿಟ್ಟಿರುತ್ತಾರೆ. ಹೆಬ್ಬಾಳದ ಮೇಲ್ಸೇತುವೆ ಹತ್ತಿಸಿ "ಏರು ಸಲೀಸಾಗಿ ಹತ್ತುತ್ತದೆ" ಎಂದು ತೋರಿಸಿದರೆ ಅದು ಚಾರ್ಮಾಡಿ ಘಾಟಿಯಾಗುವುದಿಲ್ಲ. ಅದರ ಬದಲು ಅದೇ ಹೆಬ್ಬಾಳದ ಸಂಜೆಯ ವಾಹನ ಸಂದಣಿಯಲ್ಲಿ ಅರ್ಧ ಗಂಟೆ ನಿಧಾನವಾಗಿ ಓಡಿಸಿ ನೋಡುವುದು ಒಳ್ಳೆಯ ಪರೀಕ್ಷೆ. ರೇಡಿಯೇಟರು, ಫ್ಯಾನು, ಕ್ಲಚ್ಚು ಮೂರರ ಗುಟ್ಟೂ ಅಲ್ಲಿ ಹೊರಬೀಳುತ್ತದೆ.

ಕೊಳ್ಳುವ ದಿನ ಇಷ್ಟನ್ನು ತಪ್ಪದೆ ನೋಡತಕ್ಕದ್ದು:

1. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮ ಕಣ್ಣೆದುರೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ನಿಜ ಹೇಳುವುದಿಲ್ಲ.
2. ಆಯಿಲ್ ಹಾಕುವ ಮುಚ್ಚಳ ತೆಗೆದು, ಎಂಜಿನ್ ಓಡುತ್ತಿರುವಾಗ ಹೊಗೆ ಒತ್ತಿಕೊಂಡು ಬರುತ್ತದೆಯೇ ನೋಡಿ. ಬಂದರೆ ಪಿಸ್ಟನ್, ರಿಂಗ್ ಸವೆದಿವೆ.
3. ಗೇರ್ ಬಾಕ್ಸ್, ಮುಂದಿನ ಮತ್ತು ಹಿಂದಿನ ಹೌಸಿಂಗಿನ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ.
4. ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ. ಆಟವಿದ್ದರೆ ಕಿಂಗ್ ಪಿನ್ ಅಥವಾ ಬೇರಿಂಗಿನ ಕೆಲಸವಿದೆ.
5. ಕೆಸರು ನೆಲದಲ್ಲಿ ನಾಲ್ಕು ಚಕ್ರದ ಗೇರನ್ನೂ ಲೋ ಗೇರನ್ನೂ ಹಾಕಿಸಿ ಓಡಿಸಿ. ಗೇರು ತಾನಾಗಿ ಹಾರಿಬಂದರೆ ಆ ಗಾಡಿ ಬೇಡ.
6. ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಆರ್.ಸಿ. ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಕಾಗದ ಪತ್ರ

ಕೊನೆಯ ಅಂಶವೇ ಎಲ್ಲಕ್ಕಿಂತ ದೊಡ್ಡದು. ಹಳೆಯ ಜೀಪಿನ ಎಂಜಿನ್ ಬದಲಾಗಿರುವುದು ಸಾಮಾನ್ಯ. ಬದಲಾವಣೆ ಆರ್.ಸಿ.ಯಲ್ಲಿ ನಮೂದಾಗಿರದಿದ್ದರೆ ಎಫ್.ಸಿ.ಗೆ ಹೋದಾಗಲೂ ತೊಂದರೆ, ಅಪಘಾತವಾದಾಗ ಇನ್ನೂ ದೊಡ್ಡ ತೊಂದರೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮೊದಲು 600 ರೂ. ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ಲಘು ವಾಹನಕ್ಕೆ 5,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ ಹೊರಟ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ 10,000 ರೂ. ಗೊತ್ತುಮಾಡಲಾಯಿತು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ, ತಡವಾದರೆ ದಂಡ. ಹತ್ತು ಹದಿನೈದು ವರ್ಷದ ಗಾಡಿಗಳು ಓಡಬಾರದೆಂಬ 2015 ಮತ್ತು 2018ರ ಆದೇಶಗಳು ದೆಹಲಿ ಸುತ್ತಮುತ್ತಲ ಪ್ರದೇಶಕ್ಕೆ ಸಂಬಂಧಿಸಿದವು. ಆ ಸುದ್ದಿ ಕೇಳಿ ಗಾಬರಿಯಿಂದ ಗುಜರಿಗೆ ಹಾಕಬೇಕಾಗಿಲ್ಲ.

ಯಶವಂತಪುರದ ಕೆಎ-04 ಅಥವಾ ಯಲಹಂಕದ ಕೆಎ-50 ನಂಬರಿನ ಗಾಡಿ ಕೊಂಡರೆ ಫಾರಂ 29, 30ಕ್ಕೆ ಮಾರಿದವರ ಸಹಿ ಪಡೆದು, ಸಾಲವಿದ್ದರೆ ಫಾರಂ 35ನ್ನೂ ಪಡೆದು, ಹೆಸರು ಬದಲಾವಣೆಯಾದ ಮೇಲೆಯೇ ಪೂರ್ಣ ಹಣ ಕೊಡುವುದು ಒಳ್ಳೆಯದು. ಸೈನ್ಯದ ಹರಾಜಿನ ಗಾಡಿಯಾದರೆ ಹರಾಜಿನ ಮೂಲ ಪತ್ರ, ಅನಂತರದ ನಾಗರಿಕ ನೋಂದಣಿ ಎರಡನ್ನೂ ಕೇಳಿ. "ಆಮೇಲೆ ಮಾಡಿಸಿಕೊಡುತ್ತೇವೆ" ಎಂಬ ಮಾತಿನ ಮೇಲೆ ಮುಂಗಡ ಕೊಡಬೇಡಿ.

ಕೆಡುವುದೇಕೆ?

ಹಳೆಯ ಜೀಪು ಸಾಮಾನ್ಯವಾಗಿ ವಯಸ್ಸಿನಿಂದ ಕೆಡುವುದಕ್ಕಿಂತ ನೀರು, ಕೆಸರು ಮತ್ತು ತಪ್ಪು ಬಳಕೆಯಿಂದ ಕೆಡುವುದೇ ಹೆಚ್ಚು.

ಮೊದಲನೆಯದು ನಾಲ್ಕು ಚಕ್ರದ ಗೇರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಈ ಜೀಪುಗಳಲ್ಲಿ ನಾಲ್ಕು ಚಕ್ರದ ಗೇರು ಹಾಕಿದಾಗ ಎರಡು ಶಾಫ್ಟುಗಳೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸವನ್ನು ನುಂಗುತ್ತದೆ. ಟಾರು ರಸ್ತೆಯಲ್ಲಿ ಜಾರಲು ಆಸ್ಪದವಿಲ್ಲದೆ ಆ ಒತ್ತಡವೆಲ್ಲ ಗೇರು, ಜಾಯಿಂಟ್ ಕ್ರಾಸುಗಳ ಮೇಲೆ ಬೀಳುತ್ತದೆ. ಆದ್ದರಿಂದ ತೋಟದ ದಾರಿ ಮುಗಿದು ಟಾರು ಸಿಕ್ಕಿದ ಕೂಡಲೇ ಆ ಗೇರನ್ನು ತೆಗೆಯುವಂತೆ ಡ್ರೈವರಿಗೆ ಕಟ್ಟುನಿಟ್ಟಾಗಿ ಹೇಳಿ.

ಎರಡನೆಯದು ನೀರು. ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮೇಲಿನ ಗಾಳಿಕಂಡಿ ಕೆಸರಿನಿಂದ ಮುಚ್ಚಿದ್ದರಂತೂ ಇದು ಖಂಡಿತ. ಬ್ರೇಕ್ ಆಯಿಲ್ ಸಹ ಗಾಳಿಯ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸದಿದ್ದರೆ ವೀಲ್ ಸಿಲಿಂಡರ್ ತುಕ್ಕು ಹಿಡಿದು, ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತದೆ.

ಮೂರನೆಯದು ನಾವು ಹೊರುವ ಸರಕು. ಬೋರ್ಡೊ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಚಾಕು ಅದ್ದುವುದನ್ನು ಅಡಿಕೆ ಬೆಳೆಗಾರರೆಲ್ಲ ಬಲ್ಲರು. ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂರುವಾಗ ಅಷ್ಟು ಕಬ್ಬಿಣ ಕರಗಿಹೋಗುತ್ತದೆ. ಜೀಪಿನ ತೊಟ್ಟಿಯಲ್ಲಿ ಚೆಲ್ಲಿದ ಮೈಲುತುತ್ತವೂ ತೇವ ತಾಗಿದಾಗ ಇದನ್ನೇ ಮಾಡುತ್ತದೆ. ಪೊಟಾಷ್ ಗೊಬ್ಬರವೂ ಉಪ್ಪೇ. ಇವನ್ನು ಹೊತ್ತ ದಿನ ಸಂಜೆ ತೊಟ್ಟಿಯನ್ನೂ ಚಾಸಿಯನ್ನೂ ಧಾರಾಳ ನೀರಿನಲ್ಲಿ ತೊಳೆಯುವುದಕ್ಕೆ ತಗಲುವುದು ಹತ್ತು ನಿಮಿಷ.

ಖರ್ಚಿನ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಹಿಡಿದವು. ಪ್ರತಿಯೊಬ್ಬರೂ ತಮ್ಮ ಪುಸ್ತಕದ ಅಂಕಿ ಹಾಕಿಕೊಳ್ಳಬೇಕು. ಎರಡೂವರೆ ಲಕ್ಷ ರೂಪಾಯಿಯ ಹಳೆಯ ಡೀಸೆಲ್ ಜೀಪು ವರ್ಷಕ್ಕೆ 5,000 ಕಿ.ಮೀ. ಓಡುತ್ತದೆ, ಲೀಟರಿಗೆ 10 ಕಿ.ಮೀ. ಕೊಡುತ್ತದೆ, ಡೀಸೆಲ್ 90 ರೂ. ಎಂದಿಟ್ಟುಕೊಳ್ಳೋಣ.

ಡೀಸೆಲ್, 500 ಲೀಟರ್: 45,000 ರೂ.
ಆಯಿಲ್, ಫಿಲ್ಟರ್, ಗ್ರೀಸ್: 10,000 ರೂ.
ಟೈರು (35,000 ರೂ., ಐದು ವರ್ಷಕ್ಕೆ): 7,000 ರೂ.
ಬ್ರೇಕ್, ಕ್ಲಚ್, ಬುಶ್, ಬ್ಯಾಟರಿ ಮುಂತಾದ ದುರಸ್ತಿ: 25,000 ರೂ.
ವಿಮೆ ಮತ್ತು ನವೀಕರಣದ ವರ್ಷದ ಪಾಲು: 10,000 ರೂ.
ದೊಡ್ಡ ಕೆಲಸದ ನಿಧಿ (80,000 ರೂ., ಎಂಟು ವರ್ಷಕ್ಕೊಮ್ಮೆ): 10,000 ರೂ.
ಹಾಕಿದ ಹಣದ ಬಡ್ಡಿ, ಶೇ. 8ರಂತೆ: 20,000 ರೂ.
ಒಟ್ಟು: 1,27,000 ರೂ.

ಅಂದರೆ ಕಿಲೋಮೀಟರಿಗೆ 25 ರೂ. 40 ಪೈಸೆ. ಇದರಲ್ಲಿ ಡೀಸೆಲಿನ ಪಾಲು ಮೂರನೇ ಒಂದಕ್ಕಿಂತ ತುಸು ಹೆಚ್ಚು ಅಷ್ಟೆ. "ನನ್ನ ಜೀಪಿಗೆ ಡೀಸೆಲ್ ಬಿಟ್ಟರೆ ಖರ್ಚೇ ಇಲ್ಲ" ಎನ್ನುವವರು ಉಳಿದ ಸಾಲುಗಳನ್ನು ಬರೆದಿಟ್ಟಿಲ್ಲವೆಂದೇ ಅರ್ಥ.

ಡ್ರೈವರು, ಡೀಸೆಲ್ ಸಹಿತ ಬಾಡಿಗೆ ಜೀಪು ದಿನಕ್ಕೆ 2,000 ರೂ. ಎಂದು ಹಿಡಿದರೆ, ಮೇಲಿನ ಮೊತ್ತ ಸುಮಾರು 63 ದಿನದ ಬಾಡಿಗೆಗೆ ಸಮ. ವರ್ಷದಲ್ಲಿ ಅದಕ್ಕಿಂತ ಕಡಿಮೆ ದಿನ ಗಾಡಿ ಬೇಕಾದವರಿಗೆ, ಲೆಕ್ಕದ ದೃಷ್ಟಿಯಿಂದ, ಬಾಡಿಗೆಯೇ ಮೇಲು. ಆದರೆ ಕೊಯ್ಲಿನ ದಿನ ಬಾಡಿಗೆ ಗಾಡಿ ಸಿಗುತ್ತದೆಯೇ ಎಂಬುದನ್ನೂ ತೂಗಬೇಕು. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕು. ಒಂದು ರಾತ್ರಿ ಚೀಲದಲ್ಲಿ ಉಳಿದರೆ ಹುಳಿಯುತ್ತದೆ, ಪಾರ್ಚ್‌ಮೆಂಟಿನ ಬೆಲೆ ಬರುವುದಿಲ್ಲ. ಸ್ವಂತ ಜೀಪಿಗೂ ಇದೇ ಮಾತು. ಕೊಯ್ಲಿನ ಕಾಲದಲ್ಲಿ ಅದು 20 ದಿನ ಷೆಡ್ಡಿನಲ್ಲಿ ನಿಂತರೆ ಬಾಡಿಗೆಗೆ 40,000 ರೂ. ಹೋಗಿ, ಒಟ್ಟು ಖರ್ಚು 1,67,000 ರೂ., ಕಿಲೋಮೀಟರಿಗೆ 33 ರೂ. 40 ಪೈಸೆ ಆಗುತ್ತದೆ. ಆದ್ದರಿಂದ ನೆಚ್ಚಿಕೆ ಎಂಬುದೂ ಖರ್ಚಿನ ಬಾಬ್ತೇ.

ದೊಡ್ಡ ಕೆಲಸ ಬಂದಾಗ ಗಾಡಿಯನ್ನೇ ಬೆಂಗಳೂರಿಗೆ ಎಳೆಸಬೇಕಾಗಿಲ್ಲ. ಊರಿನ ಮೇಸ್ತ್ರಿಯಿಂದಲೇ ಬಿಚ್ಚಿಸಿ, ಬ್ಲಾಕ್, ಹೆಡ್, ಡೀಸೆಲ್ ಪಂಪುಗಳನ್ನು ಮಾತ್ರ ಲಾರಿಯಲ್ಲಿ ಕಳುಹಿಸಿದರೆ ಯಶವಂತಪುರ, ಪೀಣ್ಯದ ಕಡೆಯ ಯಂತ್ರಾಗಾರಗಳಲ್ಲಿ ಕೆಲಸವಾಗುತ್ತದೆ. ತಗಲುವ ಖರ್ಚನ್ನು ಮೊದಲೇ ಬರೆಯಿಸಿಕೊಳ್ಳಿ. ಬದಲಾಯಿಸಿದ ಹಳೆಯ ಭಾಗಗಳನ್ನು ವಾಪಸು ಕೇಳಿ.

ಆಳುಗಳನ್ನು ಕೂರಿಸುವ ಮುನ್ನ

ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬಾರದು. ಹಳೆಯ ಗಾಡಿಗೆ ಅನೇಕರು ಮಾಡಿಸುವುದು ಮೂರನೆಯವರ ಹೊಣೆಯ ವಿಮೆ ಮಾತ್ರ. ಅಂತಹ ಕಡ್ಡಾಯ ಪಾಲಿಸಿಯು ಸ್ವಂತ ವಾಹನದಲ್ಲಿ ಬಾಡಿಗೆಯಿಲ್ಲದೆ ಕುಳಿತವರಿಗೆ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಸ್ಕೂಟರಿನ ಹಿಂಬದಿ ಸವಾರನ ಪ್ರಕರಣವೊಂದರಲ್ಲಿ ಹೇಳಿದೆ. ಕೆಲಸದ ವೇಳೆಯ ಅಪಘಾತಕ್ಕೆ ಮಾಲೀಕನೇ ಹೊಣೆ ಎಂಬುದು 1923ರ ಕಾಯಿದೆಯ ಕಾಲದಿಂದಲೂ ಇರುವ ನಿಯಮ. ಎರಡನ್ನೂ ಕೂಡಿಸಿ ನೋಡಿ: ಹನ್ನೆರಡು ಜನರನ್ನು ತುಂಬಿಕೊಂಡ ಜೀಪು ತಿರುವಿನಲ್ಲಿ ಮಗುಚಿದರೆ ಹೋಗುವುದು ಆ ಜನರ ಜೀವ, ಆಮೇಲೆ ಮಾಲೀಕನ ತೋಟ. ಆರ್.ಸಿ.ಯಲ್ಲಿ ಬರೆದಷ್ಟೇ ಜನರನ್ನು ಕೂರಿಸಿ. ಕೆಲಸಗಾರರನ್ನು ಒಯ್ಯುವ ವಿಷಯವನ್ನು ವಿಮಾ ಕಛೇರಿಗೆ ತಿಳಿಸಿ, ಬೇಕಾದ ಹೆಚ್ಚುವರಿ ಕಂತು ಕಟ್ಟಿ, ಅದು ಪಾಲಿಸಿಯಲ್ಲಿ ಬರಹದಲ್ಲಿ ಇದೆಯೇ ಎಂದು ಓದಿಸಿ ನೋಡಿ. ಆಳಿನ ಮನೆಯಲ್ಲೂ ಸಂಜೆ ದಾರಿ ಕಾಯುವವರಿದ್ದಾರೆ.

ವರ್ಷದ ಕೆಲಸಗಳು

ಮೇ ತಿಂಗಳಲ್ಲಿ, ಮಳೆಗೆ ಮುನ್ನ: ಬ್ರೇಕ್ ಶೂ ಮತ್ತು ವೀಲ್ ಸಿಲಿಂಡರ್ ತಪಾಸಣೆ, ವೈಪರ್, ಟೈರು, ಬ್ಯಾಟರಿಯ ತಂತಿ, ಹೌಸಿಂಗಿನ ಗಾಳಿಕಂಡಿ.

ಮಳೆಗಾಲದಲ್ಲಿ: ವಾರಕ್ಕೊಮ್ಮೆ ಅಡಿಭಾಗ ತೊಳೆದು ಎಲ್ಲ ನಿಪ್ಪಲುಗಳಿಗೂ ಗ್ರೀಸ್. ಹಳ್ಳ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸಿ ಡ್ರಮ್ಮನ್ನು ಒಣಗಿಸುವುದು.

ಅಕ್ಟೋಬರಿನಲ್ಲಿ, ಕೊಯ್ಲಿಗೆ ಮುನ್ನ: ಗೇರ್ ಬಾಕ್ಸ್ ಮತ್ತು ಹೌಸಿಂಗಿನ ಆಯಿಲ್ ಇಳಿಸಿ ನೋಡುವುದು, ಡೀಸೆಲ್ ಫಿಲ್ಟರ್ ಬದಲಾವಣೆ, ರೇಡಿಯೇಟರಿಗೆ ಸಿಕ್ಕಿದ ಕಸ ತೆಗೆಯುವುದು, ಚಾಸಿಗೆ ತುಕ್ಕುನಿರೋಧಕ ಬಣ್ಣ.

ಮಾರ್ಚಿನಲ್ಲಿ, ಕೊಯ್ಲು ಮುಗಿದ ಮೇಲೆ: ದೊಡ್ಡ ದುರಸ್ತಿಗೆ ಇದೇ ಸಮಯ, ಗಾಡಿ ನಿಂತರೂ ಬೆಳೆ ಕೆಡದು.

ಒಂದು ನೂರು ಪುಟದ ನೋಟ್ ಪುಸ್ತಕ ಕೊಂಡು, ಹಾಕಿದ ಡೀಸೆಲ್, ಓಡಿದ ಕಿಲೋಮೀಟರ್, ಮಾಡಿಸಿದ ಕೆಲಸ, ನಿಂತ ದಿನ, ಈ ನಾಲ್ಕನ್ನು ಬರೆಯುತ್ತ ಬನ್ನಿ. ಎರಡು ವರ್ಷದ ಬರಹ ಕೈಯಲ್ಲಿದ್ದರೆ ಜೀಪನ್ನು ಉಳಿಸಿಕೊಳ್ಳಬೇಕೇ ಕೊಡಬೇಕೇ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಅಕ್ಕಪಕ್ಕದ ಮೂವರು ಬೆಳೆಗಾರರು ತಮ್ಮ ಪುಸ್ತಕಗಳನ್ನು ಒಟ್ಟಿಗೆ ಕೂತು ನೋಡಿದರೆ ಮೂರು ಹಳೆಯ ಜೀಪುಗಳ ಬದಲು ಒಂದು ಒಳ್ಳೆಯ ಗಾಡಿ, ಸರದಿಯ ಪಟ್ಟಿ ಸಾಕೆಂದು ತೋರಲೂಬಹುದು. ಹಾಗೆ ತೋರಿದವರು ಸಂಘದ ಕಛೇರಿಗೆ ಬಂದರೆ ಒಡಂಬಡಿಕೆಯ ಕರಡು ಬರೆದುಕೊಡಲು ನಾವು ಸಿದ್ಧರಿದ್ದೇವೆ.