ಇಬ್ಬರು ನಿಲ್ಲುವ ಹಲಗೆ

ಕಾಲೇಜಿನ ನೋಟಿಸ್ ಬೋರ್ಡಿಗೂ ವಿದ್ಯಾರ್ಥಿಗಳಿಗೂ ಈಗ ಅಷ್ಟಕ್ಕಷ್ಟೇ. ಸ್ಕಾಲರ್‌ಶಿಪ್ ಅರ್ಜಿಗೋ ಪರೀಕ್ಷಾ ಶುಲ್ಕಕ್ಕೋ ಕೊನೆಯ ದಿನಾಂಕ ಅಂಟಿಸಿದರೆ ಒಬ್ಬ ಬಂದು ಮೊಬೈಲಿನಲ್ಲಿ ಫೋಟೊ ಹೊಡೆದು ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿಗೆ ಹಾಕುತ್ತಾನೆ. ಉಳಿದವರು ಕೂತಲ್ಲೇ ನೋಡಿಕೊಳ್ಳುತ್ತಾರೆ. ಸುದ್ದಿ ಮುಟ್ಟಿಸುವುದಷ್ಟೇ ಬೋರ್ಡಿನ ಕೆಲಸವಾದರೆ ಅದಕ್ಕೆ ಇವತ್ತು ಗೋಡೆಯೇ ಬೇಕಿಲ್ಲ. ಆದರೂ ಗೋಡೆಯನ್ನು ಬಿಡಬಾರದು ಎಂದು ನಾನು ಹಟ ಹಿಡಿದಿರುವುದಕ್ಕೆ ಕಾರಣ ಬೇರೆ.

ಮಂಡ್ಯ ಜಿಲ್ಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಚಿತ್ರಕಲಾ ಮೇಷ್ಟ್ರಾಗಿದ್ದ ಗೆಳೆಯರೊಬ್ಬರ ಜೊತೆ ಸೇರಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆ ಕಾಲೇಜುಗಳ ಗೋಡೆಗಳಲ್ಲಿ ಒಂದಷ್ಟು ಕೆಲಸ ಮಾಡಿದ್ದೇನೆ. ನಮ್ಮ ತಾಲ್ಲೂಕು ಕೇಂದ್ರದ ಕಾಲೇಜುಗಳ ಸ್ಥಿತಿ ಬಲ್ಲವರಿಗೆ ಇದು ಗೊತ್ತು: ಹುಡುಗರು ಬೆಳಿಗ್ಗೆ ತಮ್ಮೂರ ಬಸ್ಸಿನಲ್ಲಿ ತಮ್ಮೂರವರ ಜೊತೆ ಬರುತ್ತಾರೆ, ಕ್ಲಾಸಿನಲ್ಲಿ ತಮ್ಮೂರವರ ಪಕ್ಕ ಕೂರುತ್ತಾರೆ, ಸಂಜೆ ಅದೇ ಬಸ್ಸು ಹಿಡಿಯುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿತು, ಬಸ್ಸು ಮಾತ್ರ ಅದದೇ. ಮೂರು ವರ್ಷ ಒಂದೇ ಕೋಣೆಯಲ್ಲಿ ಓದಿದ ಹುಡುಗಿಯನ್ನು ಪಕ್ಕದ ಸಾಲಿನವಳ ಬಗ್ಗೆ ಕೇಳಿದರೆ “ಯಾವೂರೋ ಗೊತ್ತಿಲ್ಲ ಸಾ” ಅನ್ನುತ್ತಾಳೆ. ಇವರನ್ನು ಮಾತಿಗೆ ಹಚ್ಚುವ ಕೆಲಸವನ್ನು ಒಂದು ಹಲಗೆ ಮಾಡೀತೇ ಎಂಬುದು ನಮ್ಮ ಪ್ರಶ್ನೆ.

ಗೋಡೆ ಪತ್ರಿಕೆ ಈ ಕೆಲಸ ಮಾಡುವುದಿಲ್ಲ. ಮಾತು ಕಟುವಾಯಿತೇನೋ, ಆದರೆ ಬಹಳ ಕಡೆ ನೋಡಿಯೇ ಹೇಳುತ್ತಿದ್ದೇನೆ. ಅಕ್ಷರ ದುಂಡಗಿರುವ ನಾಲ್ಕೈದು ಮಕ್ಕಳು ಬರೆಯುತ್ತಾರೆ, ಮೇಷ್ಟ್ರು ತಿದ್ದುತ್ತಾರೆ, ಗಾಜಿನ ಪೆಟ್ಟಿಗೆಯೊಳಗೆ ಬೀಗ ಬೀಳುತ್ತದೆ. ಬಿಇಒ ಸಾಹೇಬರು ಬಂದ ದಿನ ಅದರ ಮುಂದೆ ಒಂದು ಫೋಟೊ. ಬರೆದ ಮಕ್ಕಳಿಗೆ ಅದರಿಂದ ಲಾಭ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲ ಮುಗಿದು ಒಪ್ಪವಾಗಿ ನಿಂತ ಗೋಡೆಯ ಎದುರು ನೋಡುವವನಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಓದಿ ಮುಂದೆ ಹೋಗಬೇಕು, ಅಷ್ಟೆ.

ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಇದಕ್ಕೆ ಉಲ್ಟಾ ಹೊಡೆದೆವು. ದೊಡ್ಡ ಪ್ಲೈವುಡ್ ಹಲಗೆಗೆ ಬಟ್ಟೆ ಹೊದಿಸಿ ತಾಲ್ಲೂಕಿನ ನಕ್ಷೆ ಬರೆದೆವು. ಅದರಲ್ಲಿ ಹೋಬಳಿ ಕೇಂದ್ರಗಳು ಮಾತ್ರ: ಪೇಟೆ, ಕಿಕ್ಕೇರಿ, ಬೂಕನಕೆರೆ, ಶೀಳನೆರೆ, ಅಕ್ಕಿಹೆಬ್ಬಾಳು, ಸಂತೇಬಾಚಹಳ್ಳಿ. ಊರುಗಳನ್ನು ಬೇಕೆಂದೇ ಬಿಟ್ಟೆವು. ಪಕ್ಕದಲ್ಲಿ ಗುಂಡುಪಿನ್ನಿನ ಡಬ್ಬಿ, ಬಣ್ಣದ ದಾರ. ನಿನ್ನ ಊರು ಎಲ್ಲಿದೆಯೋ ಅಲ್ಲಿ ಪಿನ್ನು ಚುಚ್ಚು, ಬಸ್ಸು ಬರುವ ದಾರಿಯಲ್ಲೇ ದಾರ ಎಳೆದು ಕಾಲೇಜಿಗೆ ತಂದು ಕಟ್ಟು. ಸೂಚನೆ ಇಷ್ಟೇ.

ಮೊದಲ ದಿನ ಯಾರೂ ಹತ್ತಿರ ಸುಳಿಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಬಿ.ಎ. ಹುಡುಗನೊಬ್ಬ ಒಂದು ಪಿನ್ನು ಚುಚ್ಚಿ ಹೊರಟ. ಹಿಂದೆ ನಿಂತಿದ್ದ ಬಿ.ಕಾಂ.ನವನು ತಡೆದ. “ಏಯ್, ಆ ಊರು ಕೆರೆ ಈ ಕಡೆಗೆ ಬರಲ್ಲ ಕಣ್ಲಾ, ಏರಿ ದಾಟಿ ಆ ಕಡೆಗದೆ.” “ನಮ್ಮೂರು ನಂಗೊತ್ತಿಲ್ವಾ? ನಿಂಗೇನ್ಲಾ ಗೊತ್ತು?” “ಹಬ್ಬಕ್ಕೆ ವರ್ಷಾ ಬತ್ತೀನಿ ಕಣೋ, ನಮ್ ಚಿಕ್ಕಮ್ಮನ ಮನೆ ಅಲ್ಲೇ ಇರೋದು.” ಯಾವ ಮನೆ, ಯಾರ ಮಗ ಎಂದು ಕೇಳಿಕೊಳ್ಳುತ್ತಾ ಹೋದಂತೆ ಇಬ್ಬರಿಗೂ ದೂರದ ನಂಟಸ್ತನ ಹೊರಬಿತ್ತು. ಅಷ್ಟು ಹೊತ್ತಿಗೆ ಸುತ್ತ ಏಳೆಂಟು ಜನ. ಪಿನ್ನು ಕೆರೆಯ ಯಾವ ಕಡೆ ಬಿತ್ತು ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ. ನಾವೂ ತಿದ್ದಲು ಹೋಗಲಿಲ್ಲ. ನಕ್ಷೆಯಲ್ಲಿ ಊರುಗಳನ್ನು ಮೊದಲೇ ಸರಿಯಾಗಿ ಬರೆದಿಟ್ಟಿದ್ದರೆ ಆ ಇಬ್ಬರು ಅವತ್ತು ಮಾತಾಡುತ್ತಿರಲಿಲ್ಲ.

ಹ್ಯಾರಿ ಬ್ರಿಗ್ನಲ್ ಮತ್ತು ಇವೊನ್ ರಾಜರ್ಸ್ ಎಂಬ ಸಂಶೋಧಕರು ಜನ ಸೇರಿದ ಸಮಾರಂಭಗಳಲ್ಲಿ ದೊಡ್ಡ ಪರದೆ ನಿಲ್ಲಿಸಿ, ಯಾರು ಬೇಕಾದರೂ ತಮ್ಮ ಅಭಿಪ್ರಾಯ ಹಾಕಲು ಬಿಟ್ಟು ನೋಡಿದ್ದರು. 2003ರಲ್ಲಿ ಅವರು ಬರೆದ ಪ್ರಬಂಧದಲ್ಲಿ ನಮಗೂ ಉಪಯೋಗಕ್ಕೆ ಬರುವ ಎರಡು ಮಾತುಗಳಿವೆ. ನಾಲ್ಕು ಜನರ ಎದುರು ಪೆದ್ದನಾಗಿ ಕಂಡೇನು ಎಂಬ ಸಂಕೋಚವೇ ಜನರನ್ನು ಪರದೆಯಿಂದ ದೂರ ನಿಲ್ಲಿಸುವುದು. ಮತ್ತೆ, ಪರದೆಯ ಹತ್ತಿರ ಒಂದಷ್ಟು ಜನ ಸೇರಿದರೆ ಆ ಗುಂಪೇ ಇನ್ನಷ್ಟು ಜನರನ್ನು ಎಳೆಯುತ್ತದೆ, ಜೇನಿಗೆ ನೊಣ ಮುತ್ತಿದ ಹಾಗೆ. ಕೆ.ಆರ್. ಪೇಟೆಯ ಆ ಮೊದಲ ದಿನದ ಮೌನಕ್ಕೂ ಎರಡನೇ ದಿನದ ಗದ್ದಲಕ್ಕೂ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಹಾಗಾಗಿ ಮೊದಲು ಮುಟ್ಟುವವನಿಗೆ ತಪ್ಪಾಗುವ ಭಯ ಇರಕೂಡದು. ಪಿನ್ನಾದರೆ ಕಿತ್ತು ಚುಚ್ಚಬಹುದು, ಸೀಮೆಸುಣ್ಣವಾದರೆ ಅಂಗೈಯಲ್ಲಿ ಒರೆಸಬಹುದು. ಮಾರ್ಕರ್ ಪೆನ್ನು ಇಟ್ಟ ಕಡೆಯಲ್ಲೆಲ್ಲಾ ಮಕ್ಕಳು ಹಿಂದೆ ಸರಿದದ್ದನ್ನು ಕಂಡಿದ್ದೇನೆ.

ಜಾಗದ ವಿಚಾರಕ್ಕೆ ಬಂದರೆ, ಮುಖ್ಯ ಶಿಕ್ಷಕರ ಕೊಠಡಿಯ ಎದುರಿಗಿರುವ ಹಲಗೆಗೆ ಮಕ್ಕಳು ಬೆನ್ನು ಹಾಕುತ್ತಾರೆ. ಶಾಲೆಯಲ್ಲಿ ಮಕ್ಕಳು ಕೆಲಸವಿಲ್ಲದೆ ಕಾಯುವ ಜಾಗಗಳೆಂದರೆ ಬಿಸಿಯೂಟದ ಸಾಲು, ತಟ್ಟೆ ತೊಳೆಯುವ ನಲ್ಲಿ, ಕಾಲೇಜಿನಲ್ಲಾದರೆ ಬಸ್ಸಿಗೆ ಕಾಯುವ ಗೇಟು. ಹಲಗೆ ಅಲ್ಲಿಗೆ ಹೋಗಬೇಕು. ಎತ್ತರವನ್ನು ನಾವು ನಲಿ-ಕಲಿಯಿಂದ ಕಲಿತೆವು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳೇ ಕೂತು ರೂಪಿಸಿದ ಪದ್ಧತಿ ಅದು, ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಆ ಕೋಣೆಗಳಲ್ಲಿ ಮಗುವಿನ ಕೈಗೆಟಕುವಷ್ಟು ಕೆಳಗೆ ಗೋಡೆಯುದ್ದಕ್ಕೂ ಕಪ್ಪುಹಲಗೆ, ತಲೆಯ ಮೇಲೆ ಮಕ್ಕಳ ಕೈಕೆಲಸ ತೂಗುವ ದಾರದ ಚಪ್ಪರ, ಮಕ್ಕಳೇ ಗುರುತಿಸುವ ಹವಾಮಾನ ನಕ್ಷೆ ಇರುತ್ತವೆ. ಇವತ್ತು ಮೋಡವೋ ಬಿಸಿಲೋ ಎಂದು ಒಂದನೇ ತರಗತಿಯವರು ಕಿಟಕಿಯಿಂದ ಇಣುಕಿ ಜಗಳ ಆಡುವುದನ್ನು ನೋಡಬೇಕು. ಇಷ್ಟು ಒಳ್ಳೆಯ ಏರ್ಪಾಟು ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ಗೋಡೆಯಿಂದ ಯಾಕೆ ಮಾಯವಾಗುತ್ತದೋ ನನಗೆ ಅರ್ಥವಾಗಿಲ್ಲ. ದೊಡ್ಡವರಾದಂತೆ ಮಕ್ಕಳಿಗೆ ಗೋಡೆ ದೂರ, ಅದರ ಮೇಲೆ ಮಹಾತ್ಮರ ಫೋಟೊ ಮತ್ತು ನುಡಿಮುತ್ತು.

ಪಾಂಡವಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಲ್ಲಿಯ ಪಕ್ಕ ಮಾಡಿದ್ದು ತೀರಾ ಸರಳ. ಕತ್ತರಿಸಿದ ನೀರಿನ ಬಾಟಲಿ ಎರಡು, ಒಂದು ಡಬ್ಬಿ ಹುಣಸೆಬೀಜ. ಮೇಲೆ ಪ್ರಶ್ನೆ: ಮುದ್ದೆಗೆ ಬಸ್ಸಾರೋ ಉಪ್ಸಾರೋ? ಒಬ್ಬರಿಗೆ ಒಂದೇ ಬೀಜ. ಡಬ್ಬಿ ಆರನೇ ತರಗತಿಯ ಮಕ್ಕಳ ಕೈಯಲ್ಲಿ, ಉಳಿದವರು ಅವರನ್ನು ಕೇಳಿಯೇ ಪಡೆಯಬೇಕು. ಬೀಜ ಕೊಡುವವಳು ಸುಮ್ಮನೆ ಕೊಡುವುದಿಲ್ಲ. “ಉಪ್ಸಾರಿಗೆ ಹಾಕ್ತೀಯಾ? ಹಂಗಾದ್ರೆ ಇಲ್ಲ ಹೋಗು” ಎಂದು ಸತಾಯಿಸುತ್ತಾಳೆ. ಮಾತು ಹುಟ್ಟುವುದೇ ಅಲ್ಲಿ.

ಪಾಂಡವಪುರದ ಕಡೆ ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದ ಗ್ಯಾಂಗುಗಳು ಬರುತ್ತವೆ. ಕೆಲವರ ಮಕ್ಕಳು ಆ ಕೆಲವು ತಿಂಗಳು ಇಲ್ಲಿನ ಶಾಲೆಗೇ ಬರುತ್ತಾರೆ. ಅಂಥ ಒಬ್ಬ ಹುಡುಗ ಬೀಜ ಹಿಡಿದುಕೊಂಡು ಎರಡು ಬಾಟಲಿಯನ್ನೂ ನೋಡಿ ಕೇಳಿದ: “ರೊಟ್ಟಿಗೆ ಬಾಟ್ಲಿ ಎಲ್ಲೈತ್ರಿ?” ಮಕ್ಕಳು ನಕ್ಕರು. ಬೀಜದ ಡಬ್ಬಿಯ ಹುಡುಗಿ ನಗಲಿಲ್ಲ, ಓಡಿಹೋಗಿ ಎಲ್ಲಿಂದಲೋ ಇನ್ನೊಂದು ಬಾಟಲಿ ತಂದಿಟ್ಟಳು. ರೊಟ್ಟಿಗೆ ಏನು ನೆಂಚಿಕೊಳ್ಳುತ್ತೀರಿ ಎಂದು ಯಾರೋ ಕೇಳಿದರು, ಅವನು ಪುಂಡಿಪಲ್ಯ ಅಂದ, ಅದೇನು ಅಂತ ಇವರು. ಅವತ್ತು ಊಟದ ಬಿಡುವೆಲ್ಲ ಪುಂಡಿಪಲ್ಯದಲ್ಲೇ ಕಳೆಯಿತು. ಅಲ್ಲಿಂದ ಮುಂದೆ ಯಾವ ಪ್ರಶ್ನೆ ಹಾಕಿದರೂ ಹೆಸರು ಬರೆಯದ ಬಾಟಲಿಯೊಂದನ್ನು ಖಾಲಿ ಇಡುತ್ತೇವೆ.

ಪ್ರಶ್ನೆ ಆಯ್ದುಕೊಳ್ಳುವುದರಲ್ಲಿಯೇ ಮುಕ್ಕಾಲು ಕೆಲಸ ಅಡಗಿದೆ. ಗೂಗಲ್‌ನಲ್ಲಿ ಉತ್ತರ ಸಿಗುವ ಪ್ರಶ್ನೆ ದಂಡ. ಕರ್ನಾಟಕದ ರಾಜ್ಯಪಕ್ಷಿ ಯಾವುದು ಎಂದು ಕೇಳಿದರೆ ಗೊತ್ತಿದ್ದವನು ಬರೆದು ಹೋಗುತ್ತಾನೆ, ಗೊತ್ತಿಲ್ಲದವನು ಮರೆಯಾಗುತ್ತಾನೆ. ನಿಮ್ಮೂರ ನಾಲೆಗೆ ನೀರು ಬಂತಾ ಎಂಬುದು ಪಾಂಡವಪುರ, ಶ್ರೀರಂಗಪಟ್ಟಣದ ನೀರಾವರಿ ಹಳ್ಳಿಗಳಲ್ಲಿ ಮಕ್ಕಳಿಗೂ ಬೇಕಾದ ಸುದ್ದಿ. ವಿಶ್ವೇಶ್ವರಯ್ಯ ನಾಲೆ, ಸಿ.ಡಿ.ಎಸ್. ನಾಲೆ ಎಂದು ಅವರವರೇ ಬರೆದುಕೊಂಡರು. ಅದೇ ಪ್ರಶ್ನೆಯನ್ನು ನಾಗಮಂಗಲಕ್ಕೆ ಒಯ್ದರೆ ಕೆಲಸಕ್ಕೆ ಬಾರದು. ಅಲ್ಲಿ ಬಹುಪಾಲು ಮಳೆಯ ರಾಗಿ, ಹುರುಳಿ. ಅಲ್ಲಿನ ಹುಡುಗರ ಹಲಗೆಯಲ್ಲಿ ಓಡಿದ್ದು ನಿಮ್ಮೂರಲ್ಲಿ ನಿನ್ನೆ ಎಷ್ಟು ಮಳೆ ಎಂಬುದು. ಹತ್ತು ಕಿಲೋಮೀಟರ್ ಅಂತರದಲ್ಲಿ ಒಬ್ಬನ ಊರಲ್ಲಿ ಕೆಸರು, ಇನ್ನೊಬ್ಬನ ಊರಲ್ಲಿ ದೂಳು. ಹೇಳಿಕೊಳ್ಳಲು ಅಷ್ಟು ಸಾಕು.

2011ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಯಾಂಡಿ ಚಾಂಗ್ ಎಂಬ ಕಲಾವಿದೆ ಪಾಳುಬಿದ್ದ ಮನೆಯೊಂದರ ಗೋಡೆಗೆ ಕಪ್ಪುಹಲಗೆಯ ಬಣ್ಣ ಬಳಿದು, ಸಾಯುವ ಮುನ್ನ ನಾನು ಮಾಡಬೇಕೆಂದಿರುವುದು ಎಂಬರ್ಥದ ಅರ್ಧ ವಾಕ್ಯವನ್ನು ಸಾಲುಸಾಲಾಗಿ ಬರೆದು ಬಿಟ್ಟರು. ದಾರಿಹೋಕರು ತುಂಬಿಸಿದರು, ಆ ಗೋಡೆ ದೇಶದೇಶ ತಿರುಗಿತು. ನಮ್ಮ ಹಳ್ಳಿಯ ಹದಿನೆಂಟರ ಹುಡುಗರ ಮುಂದೆ ಸಾವಿನ ಮಾತು ಎತ್ತಲು ನನ್ನ ಚಿತ್ರಕಲಾ ಮೇಷ್ಟ್ರು ಗೆಳೆಯರಿಗೆ ಮನಸ್ಸಾಗಲಿಲ್ಲ. “ನಮ್ಮೂರಿಗೆ ಬಂದರೆ ನಿಂಗೆ ತೋರಿಸೋದು” ಎಂದು ಬರೆದು ಮುಂದೆ ಗೆರೆ ಎಳೆದರು. ತೊಣ್ಣೂರು ಕೆರೆ, ಕುಂತಿಬೆಟ್ಟ, ಕರೀಘಟ್ಟ ಬಂದವು. ಒಬ್ಬಳು “ನಮ್ಮಜ್ಜಿ” ಎಂದು ಬರೆದಳು, ಇನ್ನೊಬ್ಬ “ನಮ್ಮ ಎಮ್ಮೆ”. ಅದರ ಕೆಳಗೆ ಬೇರೆ ಕೈಬರಹದಲ್ಲಿ “ಬತ್ತೀನಿ, ಯಾವತ್ತು?”

ಎಲ್ಲ ಹೀಗೆ ನೆಟ್ಟಗೆ ನಡೆಯುವುದಿಲ್ಲ. ಹೆಸರು ಬರೆಯಲು ಜಾಗ ಕೊಟ್ಟ ಗೋಡೆಯಲ್ಲಿ ವಾರದೊಳಗೆ ಒಂದು ಹುಡುಗಿಯ ಹೆಸರಿನ ಪಕ್ಕ ಯಾವುದೋ ಹುಡುಗನ ಹೆಸರು ಬೀಳುತ್ತದೆ, ನಡುವೆ ಹಾರ್ಟು, ಬಾಣ. ಮರುದಿನದಿಂದ ಹೆಣ್ಣುಮಕ್ಕಳು ಆ ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ. ಸುದ್ದಿ ಊರಿಗೆ ಹೋದರೆ ಕಾಲೇಜನ್ನೇ ಬಿಡಿಸುವ ಅಪ್ಪಂದಿರಿದ್ದಾರೆ. ಕುಲದ ವಿಚಾರವೂ ಇದೆ. ಊರಿನ ಜೊತೆಗೆ ಕೇರಿಯೂ ಗೊತ್ತಾಗುವಂಥ ಪ್ರಶ್ನೆ ಹಾಕಿದರೆ ಯಾರು ದೂರ ನಿಲ್ಲುತ್ತಾರೆಂದು ಹೇಳಬೇಕಿಲ್ಲ. ಹಾಗಾಗಿ ವ್ಯಕ್ತಿಯ ಹೆಸರು ಕೇಳುವ ಹಲಗೆ ನಮ್ಮಲ್ಲಿ ಬೇಡವೇ ಬೇಡ. ಊರು, ಬಸ್ಸು, ಮಳೆ, ಸಾರು ಇವನ್ನು ಕೇಳಿ. ಹಲಗೆಯ ಉಸ್ತುವಾರಿಗೆ ಒಬ್ಬ ಹುಡುಗ, ಒಬ್ಬ ಹುಡುಗಿ ಇರಲಿ, ತಿಂಗಳಿಗೊಮ್ಮೆ ಬದಲಾಗಲಿ. ಕೆಟ್ಟದ್ದು ಕಂಡರೆ ಯಾರನ್ನೂ ಕೇಳದೆ ಒರೆಸುವ ಅಧಿಕಾರ ಅವರಿಗಿರಲಿ.

ಟಚ್ ಸ್ಕ್ರೀನ್ ಯಾಕೆ ಇಡಬಾರದು ಎಂದು ದಾನಿಗಳು ಕೇಳುತ್ತಾರೆ. ಇಡಬಹುದು. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಗೋಡೆಯಲ್ಲಿ ಕಿಂಡಿ ಕೊರೆಸಿ ಕಂಪ್ಯೂಟರ್ ಕೂರಿಸಿದಾಗ ಮಕ್ಕಳು ಕಲಿತದ್ದು ಗುಂಪಿನಲ್ಲಿ. ಒಬ್ಬನ ಕೈ ಕಂಪ್ಯೂಟರಿನ ಮೇಲೆ, ಸುತ್ತಲಿನವರ ಬಾಯಿ ಅವನ ಕಿವಿಯಲ್ಲಿ. ಆದರೆ ಅಂಥ ಕಿಂಡಿಗಳಿದ್ದ ಉತ್ತರಾಖಂಡದ ಅಲ್ಮೋರಾ, ಹವಾಲ್‌ಬಾಗ್‌ಗಳಿಗೆ ಕೆಲವು ವರ್ಷಗಳ ನಂತರ ಹೋದ ಸಂಶೋಧಕಿ ಪಾಯಲ್ ಅರೋರಾ ಅವರಿಗೆ ಅಲ್ಲಿ ಚಾಲ್ತಿಯಲ್ಲಿದ್ದ ಕಂಪ್ಯೂಟರ್ ಸಿಗಲಿಲ್ಲ. ನೋಡಿಕೊಳ್ಳುವವರಿಲ್ಲದಿದ್ದರೆ ಯಾವ ಪರದೆಯ ಗತಿಯೂ ಅದೇ. ನಮ್ಮ ಕಡೆಯ ಎಷ್ಟೋ ಸ್ಮಾರ್ಟ್ ಟಿ.ವಿ.ಗಳು ಬಟ್ಟೆ ಹೊದ್ದು ಬೀಗದೊಳಗಿವೆ. ಕೆಟ್ಟರೆ ಯಾರು ದಂಡ ಕಟ್ಟುವುದು ಎಂಬ ಭಯ, ಅದು ಸುಳ್ಳೂ ಅಲ್ಲ.

ಮಾತು ಹುಟ್ಟಿಸಲು ಗೋಡೆಗೆ ಪರದೆಯೇ ಬೇಕೆಂದಿಲ್ಲ. ಶ್ರೀರಂಗಪಟ್ಟಣದಲ್ಲಿ ಕೆಲಸ ಮಾಡುವಾಗ ಮಕ್ಕಳನ್ನು ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿದ್ದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಅರಮನೆ. ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ. ಆನೆ, ಕುದುರೆ, ಒಂಟೆ, ಸಿಪಾಯಿಗಳು, ನಡುವೆ ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಕರ್ನಲ್ ಬೈಲಿ. ಒಬ್ಬರ ಕಣ್ಣಿಗೆ ಪೂರಾ ಸಿಗದಷ್ಟು ಕಿಕ್ಕಿರಿದ ಚಿತ್ರ. ಪಕ್ಕದ ಮಾಹಿತಿ ಫಲಕವನ್ನು ಒಬ್ಬ ಹುಡುಗನೂ ಓದಲಿಲ್ಲ. ಚಿತ್ರದ ಮುಂದೆ ಮಾತ್ರ “ಅಲ್ನೋಡೋ, ಪಲ್ಲಕ್ಕಿಲಿ ಕೂತವ್ನೆ”, “ಎಲ್ಲೋ?”, “ಆ ಕುದುರೆ ಪಕ್ಕ ಕಣೋ” ಎಂದು ಬೆರಳು ತೋರಿಸಿಕೊಳ್ಳುತ್ತಾ ನಿಂತರು. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಅಡಿಪಟ್ಟಿಕೆಯಲ್ಲೂ ಇದೇ ಗುಣ. ರಾಮಾಯಣ, ಮಹಾಭಾರತದ ಕತೆ ಗೋಡೆಯ ಸುತ್ತ ಸಾಗುತ್ತದೆ, ನೋಡುವವರು ಪ್ರದಕ್ಷಿಣೆ ಬರುತ್ತಾ ಒಬ್ಬರಿಗೊಬ್ಬರು ಹೇಳಿಕೊಂಡೇ ಓದಬೇಕು. ದರಿಯಾ ದೌಲತ್‌ನಿಂದ ಹಿಂತಿರುಗಿ ಬಂದ ಮಕ್ಕಳು ತಮ್ಮ ಶಾಲೆಯ ಕಾಂಪೌಂಡಿನ ಒಳಗೋಡೆಗೆ ತಮ್ಮೂರ ಸಂತೆಯನ್ನು ಇಡಿಯಾಗಿ ಬರೆದರು. ಇನ್ನೂ ಮುಗಿದಿಲ್ಲ, ಪ್ರತಿ ವರ್ಷ ಹೊಸ ಏಳನೇ ತರಗತಿಯವರು ಒಂದೆರಡು ಅಂಗಡಿ ಸೇರಿಸುತ್ತಾರೆ.

ಹಳೆ ವಿದ್ಯಾರ್ಥಿ ಸಂಘದವರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ (ಎಸ್‌ಡಿಎಂಸಿ), ಊರಿನ ಶಾಲೆಗೆ ಏನಾದರೂ ಮಾಡಬೇಕೆಂದಿರುವ ಬೆಂಗಳೂರಿನ ನಮ್ಮವರಲ್ಲಿ ಒಂದು ಕೋರಿಕೆ. ದೊಡ್ಡ ಟಿ.ವಿ. ಕೊಡುವ ಮುಂಚೆ ನಲ್ಲಿಯ ಹತ್ತಿರ, ಮೂರನೇ ತರಗತಿ ಮಗುವಿನ ಎದೆಮಟ್ಟಕ್ಕೆ, ಮಳೆ ನೀರು ತಾಗದ ಸೂರಿನಡಿ ಒಂದು ಹಲಗೆ ಹಾಕಿಸಿ. ಅದರ ಜೊತೆಗೆ ವರ್ಷಪೂರ್ತಿಯ ಸೀಮೆಸುಣ್ಣಕ್ಕೆ, ಪಿನ್ನಿಗೆ, ದಾರಕ್ಕೆ ದುಡ್ಡು ಕೊಡಿ. ಹಲಗೆ ಸೋತಿರುವುದು ಹೆಚ್ಚಿನ ಕಡೆ ಇವುಗಳಿಲ್ಲದೆ. ನಿಮ್ಮ ಹೆಸರನ್ನು ಹಲಗೆಯ ಹಿಂಬದಿಗೆ ಬರೆಸಿ. ಮುಂಬದಿ ಅಷ್ಟೂ ಮಕ್ಕಳಿಗೆ ಬೇಕು.